‘ಬಹುದು’ ಎಂಬಲ್ಲಿ ನಿಂತ ನೆರವು: ಗ್ರಾಮ ಪಂಚಾಯ್ತಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಗ್ರಾಮ ಪಂಚಾಯ್ತಿಗಳ ಅಧ್ಯಕ್ಷರು, ಉಪಾಧ್ಯಕ್ಷರು, ಸದಸ್ಯರು ಹಾಗೂ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಗಳಿಗೆ,

ಮಾನ್ಯರೇ,

ನಡಾವಳಿ ಪುಸ್ತಕ ಬರೆದು, ಓದಿ, ಸಹಿ ಹಾಕಿ ಪಳಗಿದವರು ನೀವು. ‘ಮಾಡತಕ್ಕದ್ದು’ ಮತ್ತು ‘ಮಾಡಬಹುದು’ ಇವೆರಡರ ನಡುವಿನ ಅಂತರ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ‘ತಕ್ಕದ್ದು’ ಎಂದು ಬರೆದದ್ದನ್ನು ಆಡಿಟ್‌ನವರು ಕೇಳುತ್ತಾರೆ. ‘ಬಹುದು’ ಎಂದು ಬರೆದದ್ದನ್ನು ಕೇಳುವವರಿಲ್ಲ. ಕ್ಷಯ ಬಂದ ಮನೆಗೆ ಸಲ್ಲಬೇಕಾದ ನೆರವು ಇವತ್ತು ನಮ್ಮ ಹೆಚ್ಚಿನ ಪಂಚಾಯ್ತಿಗಳಲ್ಲಿ ಈ ‘ಬಹುದು’ ಎಂಬ ಪದದ ಕೆಳಗೆ ಮಲಗಿದೆ. ಅದನ್ನು ಎಬ್ಬಿಸಿ ‘ತಕ್ಕದ್ದು’ ಎಂದು ಬರೆಯಿರಿ ಎಂದು ಕೇಳುವುದಕ್ಕೇ ಈ ಪತ್ರ.

ಬರೆಯುತ್ತಿರುವ ನಾವು ಟಿಬಿ ಕಾರ್ಯಕ್ರಮದಲ್ಲಿ ಮನೆಭೇಟಿ, ತೂಕ, ಮಾತ್ರೆ, ಬ್ಯಾಂಕ್ ಖಾತೆ ಎಂದು ಊರೂರು ತಿರುಗುವವರು. ನಮ್ಮ ಕಷ್ಟಸುಖ ಹೇಳಿಕೊಳ್ಳುವ ಉದ್ದೇಶ ಇಲ್ಲಿಲ್ಲ. ನಾವು ನೋಡುತ್ತಿರುವ ಕೆಲವು ತಪ್ಪುಗಳನ್ನು ನೂರು ವರ್ಷದ ಹಿಂದೆಯೇ ಬೇರೊಂದು ದೇಶದ ಸ್ಥಳೀಯ ಸಂಸ್ಥೆಗಳು ಸಾಲಾಗಿ ಮಾಡಿ ಮುಗಿಸಿವೆ. ಅವರು ಎಡವಿದ ಕಲ್ಲಿಗೇ ನಾವೂ ಎಡವುತ್ತಿರುವುದರಿಂದ ಆ ಕಥೆ ಹೇಳುವುದು ಅಗತ್ಯ ಅನ್ನಿಸಿತು.

ಆ ದೇಶ ಬ್ರಿಟನ್. ಕಾಲ, ಎರಡು ಮಹಾಯುದ್ಧಗಳ ನಡುವಿನದು. ಅಲ್ಲಿಗೇ ಏಕೆ ಹೋಗಬೇಕು ಎಂದರೆ, ಆಗ ಕ್ಷಯಕ್ಕೆ ಔಷಧವೇ ಇರಲಿಲ್ಲ. ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದೇ 1943ರಲ್ಲಿ. ಅದಕ್ಕೆ ಮುಂಚೆ ಒಂದು ಜಿಲ್ಲೆಯ ಆಡಳಿತದ ಕೈಯಲ್ಲಿ ಇದ್ದದ್ದು ಹಾಲು, ಹಾಸಿಗೆ, ಕಿಟಕಿ, ಬಾಡಿಗೆ, ಕೂಲಿ ಇಷ್ಟೇ. ನಮ್ಮ ಕಾಲದಲ್ಲಿ ಮಾತ್ರೆಯ ಮರೆಯಲ್ಲಿ ಕಾಣದೆ ಹೋಗುವ ಈ ಸಂಗತಿಗಳೆಲ್ಲ ಅಲ್ಲಿ ನಿಚ್ಚಳವಾಗಿ ಕಾಣುತ್ತವೆ.

1911ರ ರಾಷ್ಟ್ರೀಯ ವಿಮಾ ಕಾಯ್ದೆಯಲ್ಲಿ ದುಡಿಯುವವನಿಗೆ ಸ್ಯಾನಿಟೋರಿಯಂ, ಅಂದರೆ ಕ್ಷಯ ಆರೋಗ್ಯಧಾಮದ, ಸವಲತ್ತು ಬಂತು. ಆದರೆ ವಿಮೆ ಇದ್ದದ್ದು ಕೂಲಿ ತರುವವನ ಹೆಸರಿಗೆ. ಅವನ ಹೆಂಡತಿ, ಮಕ್ಕಳು ಅದರ ಹೊರಗೆ ಉಳಿದರು. 1921ರ ಸಾರ್ವಜನಿಕ ಆರೋಗ್ಯ (ಕ್ಷಯ) ಕಾಯ್ದೆ ಈ ಹೊಣೆಯನ್ನು ಕೌಂಟಿ ಕೌನ್ಸಿಲುಗಳಿಗೂ ದೊಡ್ಡ ಪಟ್ಟಣಗಳ ಕೌನ್ಸಿಲುಗಳಿಗೂ ವರ್ಗಾಯಿಸಿತು. ವಿಮೆ ಇರಲಿ ಬಿಡಲಿ, ವ್ಯಾಪ್ತಿಯ ಎಲ್ಲ ರೋಗಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡತಕ್ಕದ್ದು ಎಂದಿತು. ಚಿಕಿತ್ಸೆಯ ನಂತರದ ಆರೈಕೆಗೆ ಬಂದಾಗ ಮಾತ್ರ ಪದ ಬದಲಾಯಿತು: ಅದಕ್ಕೆ ಬೇಕೆನಿಸಿದ ಏರ್ಪಾಡನ್ನು ಕೌನ್ಸಿಲು ಮಾಡಬಹುದು. ಮುಂದಿನ ಇಪ್ಪತ್ತು ವರ್ಷಗಳ ಪಾಡೆಲ್ಲ ಆ ಒಂದು ಪದದಿಂದ ಹುಟ್ಟಿದ್ದು ಎಂದರೆ ಉತ್ಪ್ರೇಕ್ಷೆಯಲ್ಲ.

ಅವರ ಪದ್ಧತಿ ಒಳ್ಳೆಯದೇ ಇತ್ತು, ಅದನ್ನು ಒಪ್ಪಿಕೊಳ್ಳೋಣ. ಊರಿಗೊಂದು ಕ್ಷಯ ಡಿಸ್ಪೆನ್ಸರಿ, ಅಲ್ಲೊಬ್ಬ ಕ್ಷಯ ವೈದ್ಯಾಧಿಕಾರಿ, ಮನೆಗಳಿಗೆ ಹೋಗುವ ನರ್ಸ್. ಇದರ ಬೇರು ಎಡಿನ್‌ಬರೋದಲ್ಲಿದೆ. ಅಲ್ಲಿ ರಾಬರ್ಟ್ ಫಿಲಿಪ್ ಎಂಬ ವೈದ್ಯರು 1887ರಲ್ಲೇ ಇಂಥ ಡಿಸ್ಪೆನ್ಸರಿ ತೆರೆದು, ಒಬ್ಬ ರೋಗಿ ಬಂದರೆ ಮನೆಮಂದಿಯನ್ನೆಲ್ಲ ಕರೆಸಿ ಎದೆ ಪರೀಕ್ಷೆ ಮಾಡುತ್ತಿದ್ದರು. ನಾವು ಇವತ್ತು ‘ಸಂಪರ್ಕಿತರ ತಪಾಸಣೆ’ ಎಂದು ಕಾಲಂ ತುಂಬುವುದು ಇದನ್ನೇ. 1912ರಲ್ಲಿ ಸರ್ಕಾರ ನೇಮಿಸಿದ್ದ ಆಸ್ಟರ್ ಸಮಿತಿ ಪ್ರತಿ ಡಿಸ್ಪೆನ್ಸರಿಗೂ ಒಂದು ಆರೈಕೆ ಸಮಿತಿ ಇರಲಿ ಎಂದು ಶಿಫಾರಸು ಮಾಡಿತು. ಕೌನ್ಸಿಲ್ ಸದಸ್ಯರು, ವೈದ್ಯರು, ವಿಮೆಯವರು, ನಿರ್ಗತಿಕರಿಗೆ ನೆರವು ಕೊಡುವ ಬಡವರ ಕಾಯ್ದೆಯ ಅಧಿಕಾರಿಗಳು, ಚರ್ಚಿನವರು, ದತ್ತಿಸಂಸ್ಥೆಯವರು ಒಂದೇ ಮೇಜಿನ ಸುತ್ತ ಕೂತು ಒಂದೊಂದು ಮನೆಯ ವಿಷಯ ತೆಗೆದುಕೊಳ್ಳಬೇಕು ಎನ್ನುವುದು ಅದರ ಸಾರ. ಈ ಮನೆಗೆ ಹಾಲು ಬೇಕೇ, ಹಾಸಿಗೆ ಬೇಕೇ? ಅಪ್ಪ ಸ್ಯಾನಿಟೋರಿಯಂಗೆ ಹೊರಡುವಾಗ ಅವನಿಗೆ ಬೆಚ್ಚನೆ ಬಟ್ಟೆ, ಬೂಟು ಇವೆಯೇ? ಮಕ್ಕಳನ್ನು ಕೆಲಕಾಲ ಬೇರೆಡೆ ಇಡಬೇಕೇ? ಒಂದೇ ಮೇಜು ಎಂಬ ಮಾತು ನೆನಪಿಡಿ, ಮತ್ತೆ ಬರುತ್ತದೆ.

ರೋಗಿಗಳ ಮನೆಗೆ ಆಗ ಎರವಲು ಕೊಡುತ್ತಿದ್ದ ವಸ್ತುಗಳಲ್ಲಿ ಒಂದನ್ನು ಹತ್ತಿರದಿಂದ ನೋಡಿ. ಮರದ ಒಂದು ಪುಟ್ಟ ಗುಡಿಸಲು. ಒಂದು ಮಂಚ, ಒಂದು ಸಣ್ಣ ಮೇಜು ಹಿಡಿಸುವಷ್ಟು ಜಾಗ. ಮೂರು ಕಡೆ ಹಲಗೆ, ಎದುರು ಬಯಲು. ಕೆಲವಕ್ಕೆ ಅಡಿಯಲ್ಲಿ ತಿರುಗಣೆ ಇರುತ್ತಿತ್ತು, ಗಾಳಿ ಬೀಸುವ ದಿಕ್ಕಿಗೆ ಬೆನ್ನು ಮಾಡಿ ತಿರುಗಿಸಿಕೊಳ್ಳಬಹುದು. ರೋಗಿ ಹಿತ್ತಿಲಲ್ಲಿ ಅದರೊಳಗೆ ಮಲಗಿದರೆ ಅವನಿಗೆ ಗಾಳಿ, ಮನೆಯೊಳಗಿನ ಮಕ್ಕಳಿಗೆ ಸುರಕ್ಷೆ. ಲೆಕ್ಕ ಸರಿಯಾಗಿಯೇ ಇತ್ತು. ಆದರೆ ಗುಡಿಸಲು ಇಡಬೇಕಾದರೆ ಹಿತ್ತಿಲು ಬೇಕಲ್ಲ? ಗೋಡೆಗೆ ಗೋಡೆ ಅಂಟಿದ ಎರಡು ಕೋಣೆಯ ಬಾಡಿಗೆ ಮನೆಯವರಿಗೆ ಅದು ಎಲ್ಲಿಂದ ಬರಬೇಕು? ಯಾರಿಗೆ ಅತಿ ಹೆಚ್ಚು ಬೇಕೋ ಅವರ ಮನೆಯಲ್ಲಿ ಅದನ್ನು ಇಡಲು ಜಾಗವಿಲ್ಲ. ವಸ್ತುವನ್ನು ಕೇಂದ್ರದಲ್ಲಿ ತೀರ್ಮಾನಿಸಿ ಮನೆಗಳಿಗೆ ಹಂಚುವ ಯಾವ ಯೋಜನೆಗಾದರೂ ಹಿಡಿಯುವ ಗ್ರಹಣ ಇದು. ಡಯಾಬಿಟಿಸ್ ಇರುವ ರೋಗಿಗೆ ಎರಡು ಕಿಲೋ ಬೆಲ್ಲವಿರುವ ಕಿಟ್ ಕೊಟ್ಟು ಬಂದಂತೆ.

ಇನ್ನು ಕೂಲಿಯ ಮಾತು. ಅಸಲು ಏಟು ಬಿದ್ದದ್ದು ಅಲ್ಲಿ. 1920ರ ನಂತರ ವಿಮೆಯಲ್ಲಿ ಕಾಯಿಲೆ ಬಿದ್ದ ಗಂಡಸಿಗೆ ವಾರಕ್ಕೆ 15 ಶಿಲ್ಲಿಂಗ್, ಹೆಂಗಸಿಗೆ 12. ಅದೂ 26 ವಾರ ಮಾತ್ರ. ಆಮೇಲೆ ‘ಅಶಕ್ತತೆ ಭತ್ಯೆ’ ಎಂದು ಹೆಸರು ಬದಲಾಗಿ 7 ಶಿಲ್ಲಿಂಗ್ 6 ಪೆನ್ಸ್‌ಗೆ, ಅಂದರೆ ಗಂಡಸಿಗೆ ಸರಿಯಾಗಿ ಅರ್ಧಕ್ಕೆ, ಇಳಿಯುತ್ತಿತ್ತು. ಎಷ್ಟು ಬೇಕಿತ್ತು? ಗಂಡ, ಹೆಂಡತಿ, ಮೂವರು ಮಕ್ಕಳ ಸಂಸಾರ ಬಾಡಿಗೆ ಸೇರಿ ಮರ್ಯಾದೆಯಾಗಿ ಬದುಕಲು ವಾರಕ್ಕೆ 53 ಶಿಲ್ಲಿಂಗ್ ಎಂದು 1936ರ ಬೆಲೆಗಳಲ್ಲಿ ಬಡತನದ ಅಧ್ಯಯನಕಾರ ಸೀಬೋಮ್ ರೌಂಟ್ರಿ ಲೆಕ್ಕ ಹಾಕಿದ್ದರು. 53 ಬೇಕಾದಲ್ಲಿ 15, ಆರು ತಿಂಗಳಾದ ಮೇಲೆ ಏಳೂವರೆ. ಕ್ಷಯ ಆರು ತಿಂಗಳಲ್ಲಿ ಮುಗಿಯುವ ಕಾಯಿಲೆಯೇನೂ ಆಗಿರಲಿಲ್ಲ. ರೋಗ ಉದ್ದವಾದಂತೆ ನೆರವು ಗಿಡ್ಡವಾಗುತ್ತಿತ್ತು.

ಇಂಥ ಲೆಕ್ಕದಲ್ಲಿ ಮನೆ ನಡೆಸುವವನು ಏನು ಮಾಡುತ್ತಾನೆ? ಕೆಮ್ಮನ್ನು ಮುಚ್ಚಿಡುತ್ತಾನೆ. ರಕ್ತ ಬೀಳುವ ತನಕ ಡಿಸ್ಪೆನ್ಸರಿಯ ಬಾಗಿಲು ತುಳಿಯುವುದಿಲ್ಲ. ರೋಗಿಗಳು ತಡವಾಗಿ ಬರುತ್ತಾರೆ ಎಂದು ಸ್ಯಾನಿಟೋರಿಯಂ ವೈದ್ಯರು ದೂರುತ್ತಲೇ ಇದ್ದರು. ಬಂದವನೂ ಕೆಲವು ತಿಂಗಳು ಇದ್ದು, ತೂಕ ಏರಿಸಿಕೊಂಡು, ಅದೇ ಎರಡು ಕೋಣೆಗೆ, ಅದೇ ಕೆಲಸಕ್ಕೆ ಮರಳುತ್ತಿದ್ದ. ಏರಿದ ತೂಕ ಇಳಿಯಲು ಎಷ್ಟು ಹೊತ್ತು?

ಕೊನೆಯ ಬಾಗಿಲು ಬಡವರ ಕಾಯ್ದೆಯದು. ಅಲ್ಲಿ ನೆರವು ಪಡೆದವನಿಗೆ ‘ದಿಕ್ಕಿಲ್ಲದವನು’ ಎಂಬ ಮುದ್ರೆ ಉಚಿತವಾಗಿ ಸಿಗುತ್ತಿತ್ತು. 1930ರ ಏಪ್ರಿಲಿನಲ್ಲಿ ಆ ಕಾಯ್ದೆಯನ್ನು ನಡೆಸುತ್ತಿದ್ದ ಮಂಡಳಿಗಳು ಹೋಗಿ ಕೌನ್ಸಿಲುಗಳ ಕೆಳಗೆ ಸಾರ್ವಜನಿಕ ನೆರವು ಸಮಿತಿಗಳು ಬಂದವು. ಬೋರ್ಡು ಬದಲಾಯಿತು, ಕೌಂಟರಿನ ಹಿಂದಿನ ಮುಖ ಹೆಚ್ಚೇನೂ ಬದಲಾಗಲಿಲ್ಲ. 1931ರಲ್ಲಿ ನಿರುದ್ಯೋಗಿಗಳಿಗೆ ಬಂದ ಆದಾಯ ಪರೀಕ್ಷೆಯಲ್ಲಂತೂ ಇಡೀ ಮನೆಯ ಆದಾಯವನ್ನು ಕೂಡಿಸಿ ನೋಡುತ್ತಿದ್ದರು. ಮಗನಿಗೆ ನಾಲ್ಕು ಕಾಸು ಸಿಕ್ಕರೆ ಅಪ್ಪನ ಹಣ ಕಡಿತ. ಮಕ್ಕಳು ಬೇರೆ ಮನೆ ಮಾಡಿದಂತೆ ತೋರಿಸುವುದು ಆಗ ಶುರುವಾಯಿತು. ಪಡಿತರ ಚೀಟಿ ಒಡೆಸಲು ನಿಮ್ಮ ಕಚೇರಿಗೆ ಬರುವವರನ್ನು ಕಂಡಿರುವ ನಿಮಗೆ ಇದು ಹೊಸ ವಿದ್ಯೆ ಅಲ್ಲ.

ಇನ್ನೊಂದು ಸಂಗತಿ, ಸ್ಟಾಕ್‌ಟನ್ ಆನ್ ಟೀಸ್ ಎಂಬ ಊರಿನದು. 1927ರಲ್ಲಿ ಅಲ್ಲಿನ ಕೊಳಚೆ ಬೀದಿಯೊಂದರ ಸಂಸಾರಗಳನ್ನು ಊರ ಹೊರಗಿನ ಹೊಸ ಬಡಾವಣೆಗೆ ಸ್ಥಳಾಂತರಿಸಿದರು. ಗಾಳಿ, ಬೆಳಕು, ಸ್ನಾನದ ಕೋಣೆ ಎಲ್ಲ ಇದ್ದ ಮನೆಗಳು. ಊರಿನ ಆರೋಗ್ಯಾಧಿಕಾರಿ ಮೆಕ್‌ಗಾನಿಗಲ್ ಐದು ವರ್ಷದ ಲೆಕ್ಕ ತೆಗೆದರೆ ಹೊಸ ಬಡಾವಣೆಯಲ್ಲಿ ಸಾವಿನ ಪ್ರಮಾಣ ಇಳಿಯುವುದಿರಲಿ, ಏರಿತ್ತು. ಹಳೆಯ ಕೊಳಚೆಯಲ್ಲೇ ಉಳಿದವರಲ್ಲಿ ಹಾಗೆ ಆಗಿರಲಿಲ್ಲ. ಅವರು ಹುಡುಕಿ ತೆಗೆದ ಕಾರಣ ಬಾಡಿಗೆ. ಹೊಸ ಮನೆಯ ಬಾಡಿಗೆ ಹೆಚ್ಚು. ಅದನ್ನು ಕಟ್ಟಿದ ಮೇಲೆ ಊಟಕ್ಕೆ ಉಳಿಯುತ್ತಿದ್ದದ್ದು ಕಡಿಮೆ. ಇದು ಕ್ಷಯ ಒಂದರದೇ ಲೆಕ್ಕವಲ್ಲ, ಒಟ್ಟು ಸಾವಿನ ಲೆಕ್ಕ ಎಂಬುದನ್ನು ಹೇಳಿಬಿಡಬೇಕು. ಆದರೆ ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕೈಯಿಂದ ಹೇಗೆ ಸೋರುತ್ತದೆ ಎನ್ನಲು ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ. ಕ್ಷಯದ್ದೇ ಬೇಕೆಂದರೆ, ಟೈನ್ ನದಿ ಪಕ್ಕದ ಜಾರೋ ಪಟ್ಟಣದಲ್ಲಿ ಬ್ರಾಡ್ಬರಿ ಎಂಬ ವೈದ್ಯರು ಮನೆಮನೆ ತಿರುಗಿ ಮಾಡಿದ ಅಧ್ಯಯನ 1933ರಲ್ಲಿ ಬಂತು. ಬಡತನ, ಅದರಿಂದ ಬರುವ ಅರೆಹೊಟ್ಟೆ, ಕಿಕ್ಕಿರಿದ ಮನೆ ಎಂದು ಅದು ಬೆರಳಿಟ್ಟು ತೋರಿಸಿತು.

ಇಷ್ಟಾದರೂ ‘ಬಹುದು’ ಹಾಗೆಯೇ ಉಳಿಯಿತು. 1939ರಲ್ಲಿ ವೇಲ್ಸ್ ಪ್ರಾಂತ್ಯದ ಕ್ಷಯ ವ್ಯವಸ್ಥೆಯನ್ನು ಪರಿಶೀಲಿಸಿದ ಕ್ಲೆಮೆಂಟ್ ಡೇವಿಸ್ ಸಮಿತಿ ಅಲ್ಲಿನ ಸ್ಥಳೀಯ ಸಂಸ್ಥೆಗಳನ್ನು ಹೆಸರು ಹಿಡಿದು ತರಾಟೆಗೆ ತೆಗೆದುಕೊಂಡಿತು. ಕಾನೂನು ಕೊಟ್ಟ ಅಧಿಕಾರ ಕೈಯಲ್ಲಿದ್ದೂ ಕೊಳೆತ ಮನೆಗಳನ್ನು ಸರಿಪಡಿಸದೆ ಕೂತವರ ಪಟ್ಟಿ ಅದರಲ್ಲಿತ್ತು. ರೋಗಿಯ ಸಂಸಾರಕ್ಕೆ ಸರ್ಕಾರವೇ ಜೀವನ ಭತ್ಯೆ ಕೊಡುವ ಆದೇಶ, ಕಡತದಲ್ಲಿ ಅದರ ಹೆಸರು 266/ಟಿ, ಹೊರಟದ್ದು 1943ರಲ್ಲಿ, ಯುದ್ಧಕ್ಕೆ ಕೈಗಳು ಬೇಕಾದ ಮೇಲೆ. ಅದರಲ್ಲೂ ಒಂದು ಕೊಂಕು: ಶ್ವಾಸಕೋಶದ ಕ್ಷಯ ಇದ್ದು, ಗುಣವಾಗಿ ಕೆಲಸಕ್ಕೆ ಮರಳುವ ಭರವಸೆ ಇದ್ದವರಿಗೆ ಮಾತ್ರ. ಹಳೆಯ ರೋಗಿ, ಮೂಳೆಯ ಕ್ಷಯದವನು, ಗುಣವಾಗುವ ಆಸೆಯಿಲ್ಲದವನು ಬಡವರ ನೆರವಿನ ಕೌಂಟರಿಗೇ ಹೋಗಬೇಕು. ಕಫದಲ್ಲಿ ಅತಿ ಹೆಚ್ಚು ಕ್ರಿಮಿ ಹೊತ್ತು ಮಕ್ಕಳ ಜೊತೆ ಒಂದೇ ಕೋಣೆಯಲ್ಲಿ ಮಲಗುವವನು ಈ ಹಳೆಯ ರೋಗಿಯೇ. ಅವನ ಮನೆಗೆ ನೆರವು ಬೇಡ ಎಂದವರ ಲೆಕ್ಕ ನಮಗೆ ಇಂದಿಗೂ ಅರ್ಥವಾಗಿಲ್ಲ.

ಬೇರೆ ದಾರಿ ಹಿಡಿದವರೂ ಇದ್ದರು. ವ್ಯಾರಿಯರ್ ಜೋನ್ಸ್ ಎಂಬ ವೈದ್ಯರು 1916ರಲ್ಲಿ ಕೇಂಬ್ರಿಜ್ ಬಳಿಯ ಬೋರ್ನ್‌ನಲ್ಲಿ ಶುರುಮಾಡಿ, 1918ರಲ್ಲಿ ಪ್ಯಾಪ್‌ವರ್ತ್‌ಗೆ ತಂದ ವಸಾಹತಿನಲ್ಲಿ ರೋಗಿಗೆ ಕೆಲಸವೂ ಇತ್ತು, ಸಂಸಾರದ ಜೊತೆಗಿರಲು ಮನೆಯೂ ಇತ್ತು. ಮರಗೆಲಸ, ಚರ್ಮದ ಪೆಟ್ಟಿಗೆ, ಮುದ್ರಣ. ವೈದ್ಯರು ಹೇಳಿದಷ್ಟು ಗಂಟೆ ದುಡಿತ, ದುಡಿದುದಕ್ಕೆ ಕೂಲಿ. ಬಿಸಿಲಲ್ಲಿ ನಾಲ್ಕು ತಿಂಗಳು ಕೂರಿಸಿ, ಆಮೇಲೆ ಗಣಿಗೋ ಮಿಲ್ಲಿಗೋ ತಳ್ಳುವುದು ಚಿಕಿತ್ಸೆಯಲ್ಲ ಎಂಬುದು ಅವರ ವಾದ. ವಾದ ಸರಿ. ಆದರೆ ಅಂಥದ್ದಕ್ಕೆ ಖರ್ಚು ಜಾಸ್ತಿ, ಹಿಡಿಸುವ ಜನ ಕಡಿಮೆ. 1930ರ ಆಸುಪಾಸಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕ್ಷಯಕ್ಕೆ ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು ಜನ ಸಾಯುತ್ತಿದ್ದರು. ಊರಿಗೊಂದು ಪ್ಯಾಪ್‌ವರ್ತ್ ಕಟ್ಟುವುದು ಆಗದ ಮಾತು.

ಬ್ರಿಟನ್ನಿನಲ್ಲಿ ಆ ಕಾಯ್ದೆ ಬಂದ 1921ರಲ್ಲೇ ಮೈಸೂರಿನಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿ ಹೆಸರಿನ ಕ್ಷಯ ಆರೋಗ್ಯಧಾಮ ಶುರುವಾಯಿತು. ನಾಲ್ವಡಿಯವರು ಕ್ಷಯದಿಂದ ತೀರಿಕೊಂಡ ಸೋದರಿಯ ನೆನಪಿಗೆ ಕಟ್ಟಿಸಿದ ಆ ಜಾಗವನ್ನು ಜನ ಪಿಕೆಟಿಬಿ ಎಂದೇ ಕರೆಯುತ್ತಾರೆ. ಹಾಸಿಗೆ, ಗಾಳಿ, ಮರಗಳ ನೆರಳು ನಮಗೂ ಬಂತು. ಕೂಲಿ ನಿಂತ ಮನೆಗೆ ಹಣ ಕೊಡುವ ಏರ್ಪಾಡು ಬರಲು ಸ್ವಾತಂತ್ರ್ಯ ಬರಬೇಕಾಯಿತು. 1948ರ ಕಾಯ್ದೆಯಿಂದ ಶುರುವಾದ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ವ್ಯವಸ್ಥೆಯಲ್ಲಿ, ಷರತ್ತು ಪೂರೈಸಿದ ಕಾರ್ಮಿಕನಿಗೆ ಕ್ಷಯ ಬಂದರೆ ಇವತ್ತು ಕೂಲಿಯ ಶೇ 80ರಷ್ಟನ್ನು ಎರಡು ವರ್ಷದವರೆಗೂ ಕೊಡುತ್ತಾರೆ. ಒಳ್ಳೆಯ ಕಾನೂನು. ಆದರೆ ಕಾರ್ಖಾನೆಯ ಗೇಟಿನ ಒಳಗಿದ್ದವನಿಗೆ. ನಿಮ್ಮ ಪಂಚಾಯ್ತಿಯ ರೋಗಿ ಕಲ್ಲು ಒಡೆಯುವವನು, ಕಬ್ಬು ಕಡಿಯುವವನು, ಗಾರೆ ಕೆಲಸದವನು, ಬೀಡಿ ಕಟ್ಟುವವಳು. ಇವರಲ್ಲಿ ಹೆಚ್ಚಿನವರು ಆ ಗೇಟಿನ ಹೊರಗಿನವರು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕಾದದ್ದೇ: ಈಗ ಮಾತ್ರೆ ಇದೆಯಲ್ಲ, ಹಾಲು ಬೇಳೆಯ ಮಾತೇಕೆ? ಮದ್ರಾಸಿನಲ್ಲಿ 1956ರಲ್ಲಿ ಆರಂಭವಾಗಿ 1959ರಲ್ಲಿ ಫಲಿತಾಂಶ ಬಂದ ಅಧ್ಯಯನ, ಕೊಳೆಗೇರಿಯ ಮನೆಯಲ್ಲಿದ್ದು ಮಾತ್ರೆ ನುಂಗಿದವರೂ ಸ್ಯಾನಿಟೋರಿಯಂನಲ್ಲಿ ಒಳ್ಳೆ ಊಟ ಮಾಡಿ ನುಂಗಿದವರೂ ಹೆಚ್ಚುಕಡಿಮೆ ಒಂದೇ ಸಮನಾಗಿ ಗುಣವಾದರು ಎಂದು ತೋರಿಸಿತು. ಸ್ಯಾನಿಟೋರಿಯಂಗಳ ಕಾಲ ಮುಗಿದದ್ದು ಅಲ್ಲಿ. ಅದು ನಿಜ, ದೊಡ್ಡ ಸತ್ಯ. ಆದರೆ ಅದನ್ನು ‘ಊಟ ಲೆಕ್ಕಕ್ಕಿಲ್ಲ’ ಎಂದು ಓದಿಕೊಂಡದ್ದು ನಮ್ಮ ತಪ್ಪು. ಮನೆಯ ಉಳಿದವರ ತಟ್ಟೆಗೆ ಬೇಳೆ ಹಾಕಿದರೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಆ ಅಧ್ಯಯನ ಕೇಳಿರಲಿಲ್ಲ.

ಆ ಪ್ರಶ್ನೆ ಕೇಳಿದವರು ನಮ್ಮ ಮಂಗಳೂರಿನವರು. ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ ಜಾರ್ಖಂಡಿನಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ‘ರೇಷನ್ಸ್’ ಅಧ್ಯಯನ. 2,800 ರೋಗಿಗಳು, ಅವರ ಮನೆಗಳ 10,345 ಜನ. ರೋಗಿಗಳೆಲ್ಲರಿಗೂ ತಿಂಗಳಿಗೆ 10 ಕಿಲೋ ಆಹಾರ: ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆ, ಜೊತೆಗೆ ವಿಟಮಿನ್ ಮಾತ್ರೆ. ಅರ್ಧ ಕಡೆ ಮನೆಯ ಉಳಿದವರಿಗೂ ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ. ಉಳಿದವರಿಗೂ ಕೊಟ್ಟ ಮನೆಗಳಲ್ಲಿ ಹೊಸದಾಗಿ ಕ್ಷಯ ಬರುವುದು ಶೇ 39 ಕಡಿಮೆಯಾಯಿತು. ಹರಡುವ ಬಗೆಯ ಶ್ವಾಸಕೋಶದ ಕ್ಷಯ ಶೇ 48 ಕಡಿಮೆ. ರೋಗಿಗಳಲ್ಲಿ ಮೊದಲ ಎರಡು ತಿಂಗಳಲ್ಲಿ ತೂಕ ಶೇ 5 ಏರಿದವರಿಗೆ ಸಾವಿನ ಅಪಾಯ ಶೇ 61ರಷ್ಟು ಕಡಿಮೆ. 40 ಕಿಲೋ ತೂಗುವವನಿಗೆ ಶೇ 5 ಅಂದರೆ ಎರಡು ಕಿಲೋ. ಅಷ್ಟೇ.

ಈಗ ನಿಮ್ಮ ವ್ಯಾಪ್ತಿಗೆ ಬರೋಣ. ಕ್ಷಯ ರೋಗಿಯ ಪೋಷಣೆಗೆಂದು ಸರ್ಕಾರ ಖಾತೆಗೆ ಹಣ ಹಾಕುವ ನಿಕ್ಷಯ್ ಪೋಷಣ್ ಯೋಜನೆಯಲ್ಲಿ 2018ರಿಂದ ತಿಂಗಳಿಗೆ 500 ರೂಪಾಯಿ ಇತ್ತು, 2024ರ ನವೆಂಬರಿನಿಂದ 1,000 ಆಗಿದೆ. ರೋಗ ಪತ್ತೆಯಾದಾಗ 3,000, 84 ದಿನ ಚಿಕಿತ್ಸೆ ಮುಗಿದ ಮೇಲೆ 3,000. ಬಿಪಿಎಲ್ ಕಾರ್ಡು ಬೇಕಿಲ್ಲ, ಖಾಸಗಿ ವೈದ್ಯರ ಬಳಿ ಚಿಕಿತ್ಸೆ ಪಡೆಯುವವರಿಗೂ ಹೆಸರು ನೋಂದಾಯಿಸಿದ್ದರೆ ಉಂಟು. ಇದನ್ನು ತಿಳಿಯದೆ ‘ಕಾರ್ಡ್ ಇಲ್ಲ, ನಿಮಗೆ ಬರಲ್ಲ’ ಎಂದು ವಾಪಸ್ ಕಳಿಸುವ ಸದಸ್ಯರಿದ್ದಾರೆ, ದಯಮಾಡಿ ನಿಲ್ಲಿಸಿ.

ಪತ್ತೆಯಾದಾಗ ಕೊಡುವ ಹಣ ಪತ್ತೆಯಾದಾಗ ಬರಬೇಕಲ್ಲ, ತಕರಾರು ಅಲ್ಲಿದೆ. ಖಾತೆ ಎಂದೋ ತೆರೆದ ಜನಧನ್‌ನದು, ವರ್ಷಗಟ್ಟಲೆ ವಹಿವಾಟಿಲ್ಲದೆ ನಿಷ್ಕ್ರಿಯ. ಆಧಾರಿನಲ್ಲಿ ‘ಲಕ್ಷ್ಮಮ್ಮ’, ಪಾಸ್‌ಬುಕ್ಕಿನಲ್ಲಿ ‘ಲಕ್ಷ್ಮೀದೇವಮ್ಮ’. ಪಾಸ್‌ಬುಕ್ಕಿನ ಮೇಲೆ ಇನ್ನೂ ಸಿಂಡಿಕೇಟ್, ವಿಜಯಾ, ಕಾರ್ಪೊರೇಷನ್ ಎಂಬ ಹೆಸರು. ಆ ಬ್ಯಾಂಕುಗಳು ವಿಲೀನವಾಗಿ ಹಳೆಯ ಐಎಫ್‌ಎಸ್‌ಸಿ ಸತ್ತು ವರ್ಷಗಳಾಗಿವೆ. ನಮ್ಮ ಸಿಬ್ಬಂದಿ ಅದನ್ನೇ ನೋಡಿ ತುಂಬಿದರೆ ಪಾವತಿ ತಿರಸ್ಕೃತವಾಗುತ್ತದೆ. ಇದನ್ನು ಸರಿಪಡಿಸಲು ರೋಗಿ ಜ್ವರದ ಮೈಯಲ್ಲಿ ಎರಡು ಬಸ್ ಬದಲಿಸಿ ಬ್ಯಾಂಕಿಗೆ ಹೋಗಬೇಕು, ಒಂದು ದಿನದ ಕೂಲಿ ಬಿಡಬೇಕು. ಆ ಕೆಲಸವನ್ನು ಪಂಚಾಯ್ತಿಯ ಡಾಟಾ ಎಂಟ್ರಿಯವರು, ಊರಿಗೇ ಬರುವ ಬ್ಯಾಂಕ್ ಮಿತ್ರರು ಒಂದು ಮಧ್ಯಾಹ್ನದಲ್ಲಿ ಮುಗಿಸಬಲ್ಲರು. ಖಾತೆಯೇ ಇಲ್ಲದಿದ್ದರೆ ಒಪ್ಪಿಗೆ ಪತ್ರ ಬರೆಸಿಕೊಂಡು ಹತ್ತಿರದ ರಕ್ತಸಂಬಂಧಿಯ ಖಾತೆ ಕೊಡಲು ಅವಕಾಶವಿದೆ.

ತಡವಾದರೆ ಏನು ಹೋಗುತ್ತದೆ ಎಂದು ಕೇಳುತ್ತೀರಿ. ಚಿಕಿತ್ಸೆಯ ಮೊದಲ ಎರಡು ತಿಂಗಳು ನಾಲ್ಕು ಔಷಧ ಕೂಡಿದ ಮಾತ್ರೆ. ತೂಕ 35ರಿಂದ 49 ಕಿಲೋ ಇದ್ದವರಿಗೆ ದಿನಕ್ಕೆ ಮೂರು, 50ರಿಂದ 64 ಕಿಲೋ ಇದ್ದವರಿಗೆ ನಾಲ್ಕು. ಕುದುರೆ ಮಾತ್ರೆ ಎನ್ನುತ್ತಾರೆ ಜನ. ಅರೆಹೊಟ್ಟೆಯಲ್ಲಿರುವವರು ಅದನ್ನು ನುಂಗಿದರೆ ಓಕರಿಕೆ, ಸುಸ್ತು, ಸಂಕಟ. ಮೂರು ದಿನ ನೋಡಿ ನಾಲ್ಕನೆಯ ದಿನ ಡಬ್ಬಿಯನ್ನು ಮಾಡದಲ್ಲಿ ಇಟ್ಟುಬಿಡುತ್ತಾರೆ. ಇನ್ನೊಂದು ಕಡೆ, ಎರಡನೇ ವಾರಕ್ಕೆ ಜ್ವರ ಬಿಟ್ಟು ಹಸಿವು ಕಿತ್ತುಕೊಂಡು ಬರುತ್ತದೆ. ಇದು ಗುಣವಾಗುವ ಲಕ್ಷಣ. ಆ ಹಸಿವಿಗೆ ಮನೆಯಲ್ಲಿ ಏನಿದೆ? ಪಡಿತರದ ಅಕ್ಕಿ ಹೇಗೋ ಇರುತ್ತದೆ. ಮೊದಲು ಮುಗಿಯುವುದು ಬೇಳೆ, ಎಣ್ಣೆ. ಹಾಲು ಮೊಟ್ಟೆ ಇದ್ದದ್ದೇ ಇಲ್ಲ. ತೂಕ ಏರಬೇಕಾದ ಆ ಆರೇಳು ವಾರದಲ್ಲಿ ನೆರವು ಬರದೆ ನಾಲ್ಕನೇ ತಿಂಗಳಲ್ಲಿ ಬಂದರೆ, ಮಳೆ ಹೋದ ಮೇಲೆ ಗೊಬ್ಬರ ಬಂದಂತೆ.

ನಿಕ್ಷಯ್ ಮಿತ್ರರ ಕಿಟ್ ವಿಷಯವನ್ನೂ ನೇರವಾಗಿ ಹೇಳಬೇಕು. 2022ರ ಸೆಪ್ಟೆಂಬರಿನಿಂದ ದಾನಿಗಳು ರೋಗಿಗಳನ್ನು ದತ್ತು ತೆಗೆದುಕೊಳ್ಳುವ ಕ್ರಮ ಬಂದಿದೆ. ಕೊಟ್ಟವರಿಗೆ ವಂದನೆ. ಆದರೆ ಸಾಲಾಗಿ ಕೂರಿಸಿ, ಕೈಯಲ್ಲಿ ಕಿಟ್ ಹಿಡಿಸಿ, ಹಿಂದೆ ಬ್ಯಾನರ್ ಕಟ್ಟಿ ತೆಗೆದ ಫೋಟೋ ಸಂಜೆಗೆ ಊರಿನ ವಾಟ್ಸಾಪ್ ಗುಂಪಿಗೆ ಬಂದರೆ, ಮುಂದಿನ ತಿಂಗಳು ಮದುವೆ ಗೊತ್ತಾಗಿರುವ ಹುಡುಗಿ ಆ ಕಿಟ್ಟಿಗೆ ಬರುವುದಿಲ್ಲ, ಮಾತ್ರೆಗೂ ಬರುವುದಿಲ್ಲ. ಜೊತೆಗೆ, ಆ ಕಿಟ್ ಮನೆಗೆ ಹೋದ ಮೇಲೆ ರೋಗಿಯದಾಗಿ ಉಳಿಯುವುದಿಲ್ಲ. ಒಂದು ಕಿಲೋ ಬೇಳೆ ಐದು ಜನರ ಸಾರಿಗೆ ಬೀಳುತ್ತದೆ. ತಾಯಿ ತನ್ನ ಪಾಲಿನ ಮೊಟ್ಟೆಯನ್ನು ಮಗುವಿಗೆ ಕೊಡುತ್ತಾಳೆ. ಇದನ್ನು ‘ದುರ್ಬಳಕೆ’ ಎಂದು ವರದಿ ಬರೆಯುವವರಿದ್ದಾರೆ. ಮನೆ ಎಂದರೆ ಹಾಗೆಯೇ, ಒಂದೇ ಒಲೆ. ಆದ್ದರಿಂದ ಕೊಡುವುದಾದರೆ ಒಲೆಗೆ ಸಾಕಾಗುವಷ್ಟು ಕೊಡಿ.

‘ಕ್ಷಯಮುಕ್ತ ಪಂಚಾಯ್ತಿ’ ಪ್ರಶಸ್ತಿಯ ಮಾನದಂಡಗಳೂ ನಿಮ್ಮ ಕೈಯಲ್ಲಿವೆ. ಸಾವಿರ ಜನರಿಗೆ 30 ಪರೀಕ್ಷೆ, ಸಾವಿರಕ್ಕೆ ಒಂದು ಅಥವಾ ಅದಕ್ಕಿಂತ ಕಡಿಮೆ ರೋಗಿ, ಶೇ 85 ಗುಣ. ಪೋಷಣೆ ಹಣಕ್ಕೆ ಬಂದಾಗ, ಎಲ್ಲರಿಗೂ ‘ಕನಿಷ್ಠ ಒಂದು ಕಂತು’ ತಲುಪಿರಬೇಕು ಎಂದಿದೆ. ಒಂದು ಕಂತು ಬಂದರೆ ಟಿಕ್ ಹಾಕಬಹುದು, ಎರಡನೆಯದು ಬಾರದಿದ್ದರೂ ಪ್ರಶಸ್ತಿಯಾಗಿ ಕೊಡುವ ಗಾಂಧೀಜಿಯ ಪ್ರತಿಮೆ ಸಿಗುತ್ತದೆ. ಮತ್ತೆ ಅದೇ ‘ಬಹುದು’. ರೋಗಿಗಳ ಸಂಖ್ಯೆ ಮಿತಿಯ ಹತ್ತಿರ ಬಂದಾಗ ‘ಆ ಕೇಸನ್ನು ಪಕ್ಕದ ಪಟ್ಟಣದ ವಿಳಾಸಕ್ಕೆ ಬರೆಸಿ’ ಎಂಬ ಸಲಹೆಯೂ ನಮ್ಮ ಕಿವಿಗೆ ಬಿದ್ದಿದೆ. ಯಾವ ಪಂಚಾಯ್ತಿ ಎನ್ನುವುದು ಇಲ್ಲಿ ಬೇಡ.

ನಾವು ಕೇಳುವುದು ಹೊಸ ಇಲಾಖೆಯನ್ನಲ್ಲ, ಹೊಸ ಸಮಿತಿಯನ್ನೂ ಅಲ್ಲ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಈಗಾಗಲೇ ಇದೆ. ವಾರ್ಡ್ ಸದಸ್ಯರು, ಆಶಾ, ಅಂಗನವಾಡಿ ಕಾರ್ಯಕರ್ತೆ ಅದರಲ್ಲಿದ್ದಾರೆ. ಆ ಒಂದೇ ಮೇಜಿಗೆ ಟಿಬಿ ಮೇಲ್ವಿಚಾರಕರನ್ನೂ ನ್ಯಾಯಬೆಲೆ ಅಂಗಡಿಯವರನ್ನೂ ತಿಂಗಳಿಗೊಮ್ಮೆ ಕರೆಯಿರಿ. ರೋಗಿಯ ಹೆಸರು ಕಾಗದದಲ್ಲಿ ಬೇಡ, ಒಂದು ಸಂಖ್ಯೆ ಸಾಕು. ಆರು ಸಾವಿರ ಜನಸಂಖ್ಯೆಯ ಪಂಚಾಯ್ತಿಯಲ್ಲಿ ವರ್ಷಕ್ಕೆ ಆರರಿಂದ ಹತ್ತು ಮನೆ ಎಂದುಕೊಳ್ಳಿ. ಒಂದೊಂದರ ಚಿಕಿತ್ಸೆ ಆರು ತಿಂಗಳಾದ್ದರಿಂದ ಒಂದು ಹೊತ್ತಿನಲ್ಲಿ ಮೇಜಿನ ಮೇಲಿರುವುದು ಮೂರರಿಂದ ಐದು ಮನೆ. ನಾಲ್ಕು ಜನರ ಮನೆಯೊಂದಕ್ಕೆ ಜಾರ್ಖಂಡಿನ ಅಳತೆಯಲ್ಲೇ ಕೊಟ್ಟರೂ ತಿಂಗಳಿಗೆ ರೋಗಿಯ 10 ಕಿಲೋ, ಉಳಿದ ಮೂವರಿಗೆ 15 ಕಿಲೋ ಅಕ್ಕಿ, ನಾಲ್ಕೂವರೆ ಕಿಲೋ ಬೇಳೆ. ಅಕ್ಕಿ ಪಡಿತರದಲ್ಲಿ ಬರುತ್ತಿದ್ದರೆ ಅದನ್ನು ಕಳೆದು ಬೇಳೆ, ಶೇಂಗಾ, ಮೊಟ್ಟೆ ಹೆಚ್ಚಿಸಿ. ಉತ್ತರದ ಜಿಲ್ಲೆಗಳಲ್ಲಾದರೆ ಜೋಳ. ಮನೆ ನೋಡಿ ತೀರ್ಮಾನಿಸಿ, ಪಟ್ಟಿ ನೋಡಿ ಅಲ್ಲ. ಒಂದು ವರ್ಷದ ಬೀದಿದೀಪದ ಬಿಲ್ಲಿನ ಪಕ್ಕ ಈ ಖರ್ಚನ್ನು ಇಟ್ಟು ನೋಡಿ, ಆಮೇಲೆ ಹಣವಿಲ್ಲ ಎನ್ನಿ.

ತೂಕದ ಯಂತ್ರ ಒಂದು ಬೇಕು. ಮಣ್ಣಿನ ನೆಲದ ಮೇಲೆ, ಚಾಪೆಯ ಮೇಲೆ ಇಟ್ಟರೆ ಮುಳ್ಳು ಸುಳ್ಳು ಹೇಳುತ್ತದೆ. ಒಂದು ಚಪ್ಪಡಿಯ ಮೇಲಿಟ್ಟು, ಪ್ರತಿ ತಿಂಗಳು ಅದೇ ಯಂತ್ರದಲ್ಲಿ, ಚಪ್ಪಲಿ ಬಿಡಿಸಿ ತೂಗಿ. ಎರಡನೇ ತಿಂಗಳ ಕೊನೆಗೆ ಶೇ 5 ಏರದ ಮನೆಗೆ ಸಮಿತಿಯಿಂದ ಯಾರಾದರೂ ಆ ವಾರವೇ ಹೋಗಲಿ. ಔಷಧಕ್ಕೆ ಬಗ್ಗದ ಕ್ಷಯ ಇದ್ದವರಿಗೆ, ಗುಣವಾಗುವುದು ನಿಧಾನವಾದವರಿಗೆ ಆರು ತಿಂಗಳಿಗೆ ನೆರವು ಕತ್ತರಿಸಬೇಡಿ; 266/ಟಿಯ ತಪ್ಪನ್ನು ನಾವು ಇನ್ನೊಮ್ಮೆ ಮಾಡುವುದು ಬೇಡ. ಚೇತರಿಸಿಕೊಳ್ಳುತ್ತಿರುವವರಿಗೆ ಗುದ್ದಲಿ ಹಿಡಿಯದ ಕೆಲಸ ನಿಮ್ಮಲ್ಲೇ ಇದೆ: ಗ್ರಂಥಾಲಯದ ಬಾಗಿಲು ತೆಗೆಯುವುದು, ನರ್ಸರಿ ಸಸಿಗೆ ನೀರು, ಕೆಲಸದ ಜಾಗದಲ್ಲಿ ಕುಡಿಯುವ ನೀರಿನ ಉಸ್ತುವಾರಿ. ಕಫ ಪರೀಕ್ಷೆ ನೆಗೆಟಿವ್ ಬಂದಮೇಲೆ ಅವರ ಪಕ್ಕ ಕೂರಲು ಯಾರೂ ಹೆದರಬೇಕಿಲ್ಲ.

ಈ ಪತ್ರ ಓದಿ ಪಕ್ಕಕ್ಕಿಡುವ ಬದಲು ಮುಂದಿನ ಸಾಮಾನ್ಯ ಸಭೆಯ ವಿಷಯಸೂಚಿಗೆ ಇದನ್ನು ಸೇರಿಸಿ ಎಂದು ಬೇಡಿಕೊಳ್ಳುತ್ತೇವೆ. ಕರಡನ್ನು ನಾವೇ ಬರೆದುಕೊಟ್ಟಿದ್ದೇವೆ, ತಿದ್ದುವುದಾದರೆ ತಿದ್ದಿ. ಕ್ರಿಯಾಪದಗಳನ್ನು ಮಾತ್ರ ಮುಟ್ಟಬೇಡಿ:

“ಪಂಚಾಯ್ತಿ ವ್ಯಾಪ್ತಿಯಲ್ಲಿ ಕ್ಷಯ ಪತ್ತೆಯಾದ ಪ್ರತಿ ಮನೆಯ ವಿಷಯವನ್ನು, ಮಾಹಿತಿ ಬಂದ ಏಳು ದಿನದೊಳಗೆ ಗ್ರಾಮ ಆರೋಗ್ಯ ಸಮಿತಿಯು ಪರಿಶೀಲಿಸತಕ್ಕದ್ದು. ರೋಗಿಯೂ ಸೇರಿ ಮನೆಯ ಎಲ್ಲರಿಗೂ ಮೊದಲ ತಿಂಗಳ ಆಹಾರವನ್ನು, ಸರ್ಕಾರದ ಹಣ ಬರುವುದನ್ನು ಕಾಯದೆ, ಪಂಚಾಯ್ತಿಯ ಸ್ವಂತ ಆದಾಯದಿಂದಾಗಲಿ ದಾನಿಗಳಿಂದಾಗಲಿ ಮನೆಗೇ ತಲುಪಿಸತಕ್ಕದ್ದು. ಎರಡೂ ಕಂತುಗಳು ಖಾತೆಗೆ ಜಮೆಯಾದುದನ್ನು ಖಾತ್ರಿಪಡಿಸಿಕೊಂಡು ಸಭೆಗೆ ವರದಿ ಮಾಡತಕ್ಕದ್ದು. ಫಲಾನುಭವಿಗಳ ಫೋಟೋ ತೆಗೆಯತಕ್ಕದ್ದಲ್ಲ, ಹೆಸರು ಪ್ರಕಟಿಸತಕ್ಕದ್ದಲ್ಲ.”

ಇಂತಿ ತಮ್ಮ ವಿಶ್ವಾಸಿಗಳು,
ಕ್ಷಯ ಕಾರ್ಯಕ್ರಮದ ಕ್ಷೇತ್ರ ಸಿಬ್ಬಂದಿಯಲ್ಲಿ ಕೆಲವರು